ವಿಟ್ಲದಿಂದ ಬಂದ ಅರ್ಧ ಮಾತ್ರೆ

ಒಂದೇ ಮಾತ್ರೆ ಒಬ್ಬರಿಗೆ ಹಿತವಾಗಿ ಇನ್ನೊಬ್ಬರಿಗೆ ಕಾಟ ಕೊಡುವುದೇಕೆ ಎಂದು ವಂಶವಾಹಿಗಳಲ್ಲಿ ಹುಡುಕುವ ವಿದ್ಯೆ ನನ್ನದು. ಅದರ ಫೆಲೋಶಿಪ್‌ಗೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬಂದವರು ಶಿರ್ತಾಡಿಯ ಒಬ್ಬ ಅಜ್ಜಿ. ಹೃದಯದ ಕವಾಟ ಬದಲಾಯಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ಅವರು ದಿನವೂ ಒಂದು ಮಾತ್ರೆ ನುಂಗಬೇಕಿತ್ತು. ಎಲ್ಲರಿಗೂ ಕೊಡುವ ಪ್ರಮಾಣವೇ ಅವರಿಗೆ ಹೆಚ್ಚಾಗಿ ವಸಡಿನಲ್ಲಿ ರಕ್ತ ಬಂತು. ಅಜ್ಜಿ ಮಾತ್ರೆಯನ್ನೇ ಬಿಟ್ಟರು. ಬಿಟ್ಟರೆ ಜೀವಕ್ಕೇ ಅಪಾಯ.

“ಲೋಕಕ್ಕೆಲ್ಲ ಆಗುವ ಮಾತ್ರೆ ನನಗೆ ಮಾತ್ರ ಯಾಕೆ ಆಗುವುದಿಲ್ಲ? ಅದನ್ನು ಹೇಳಿ, ಮತ್ತೆ ನುಂಗ್ತೇನೆ.”

ರಕ್ತವನ್ನು ಪರೀಕ್ಷೆಗೆ ಕಳಿಸಿ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯೇ ಎಂದು ಕೇಳಲು ಅವರ ಮನೆಗೆ ಹೋದೆ. ತಾಯಿ, ತಾಯಿಯ ತಾಯಿ, ಚಿಕ್ಕಮ್ಮಂದಿರು, ಸೋದರಮಾವಂದಿರು, ಯಾರು ಯಾವ ಕಾಯಿಲೆಯಲ್ಲಿ, ಯಾರ ಮೇಲಿನ ಸಿಟ್ಟಿನಲ್ಲಿ ತೀರಿಕೊಂಡರು ಎಂಬುದೂ ಸೇರಿ ಅಜ್ಜಿ ಎಲ್ಲ ಹೇಳಿದರು. ವಸಡಿನ ಸುದ್ದಿ ಮಾತ್ರ ಎಲ್ಲೂ ಇಲ್ಲ. ಕಾಲೇಜಿಗೆ ಹೋಗುವ ಮೊಮ್ಮಗಳು ಚಾ ತಂದಿಟ್ಟಳು. ಅವಳತ್ತ ನೋಡಿದೆ.

“ಅವಳನ್ನು ಬರೀಬೇಡಿ. ಮಗನ ಮಗಳು. ಸೊಸೆಯ ಕುಟುಂಬದವಳು.”

ಬೆಳ್ತಂಗಡಿಯಲ್ಲಿ ನನ್ನನ್ನು ಬೆಳೆಸಿದ ಅಜ್ಜಿಯ ಲೆಕ್ಕವೂ ಇದೇ ಆಗಿದ್ದರಿಂದ ನನಗೆ ಏನೂ ಕೊರತೆ ಕಾಣಲಿಲ್ಲ. ವಂಶವೃಕ್ಷ ಬರೆದು ಹೆಮ್ಮೆಯಿಂದ ಗೈಡ್ ಮುಂದೆ ಇಟ್ಟೆ.

ಅವರು ಘಟ್ಟದ ಮೇಲಿನವರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

“ಅಲ್ಲಮ್ಮಾ, ಇವರಲ್ಲಿ ಒಬ್ಬರಿಗೂ ತಂದೆಯೇ ಇಲ್ವಲ್ಲ?”

ತಾಯಿಯ ಕಡೆಯಿಂದಲೇ ಕುಟುಂಬ ಎಣಿಸುವವರು ನಾವು. ಅಪ್ಪ ಎಂದರೆ ಬೇರೆ ಕುಟುಂಬದಿಂದ ಬಂದ ಮರ್ಯಾದಸ್ಥ ನೆಂಟ. ಆದರೆ ಈ ಕಟ್ಟುಕಟ್ಟಳೆ ವಂಶವಾಹಿಗೆ ಗೊತ್ತಿರಬೇಕಲ್ಲ! ಮೂಡುಬಿದಿರೆಯಲ್ಲಿ ಇಳಿದು ಮತ್ತೆ ಶಿರ್ತಾಡಿಯ ಬಸ್ಸು ಹತ್ತಿದೆ.

“ಅಪ್ಪನಾ?” ಅಜ್ಜಿಗೆ ನಗು. “ಅವರು ವಿಟ್ಲದವರು ಮಾರಾಯ್ತಿ. ಅವರದ್ದು ನನ್ನಲ್ಲಿ ಎಂತ ಉಂಟು?”

“ಅರ್ಧ ಉಂಟು ಅಮ್ಮ.”

“ಅರ್ಧವಾ! ಆಸ್ತಿಯಲ್ಲಿ ಒಂದು ತೆಂಗಿನಮರ ಬರಲಿಲ್ಲ!”

“ಒಮ್ಮೆ ಫೋನ್ ಮಾಡಿ ಕೇಳುವ.”

ವಿಟ್ಲದಲ್ಲಿ ಫೋನ್ ಎತ್ತಿದವರು ಅಪ್ಪನ ತಂಗಿಯ ಮಗಳು. ಸ್ಪೀಕರಿನಲ್ಲಿ ಮೊದಲು ಬಂದದ್ದು ಬೈಗುಳ: “ಅಂತೂ ನೆನಪಾಯ್ತಾ ನಿನಗೆ? ನಾವೆಲ್ಲ ಸತ್ತಿದ್ದೇವೆ ಅಂತ ಮಾಡಿದ್ದೆಯಾ?” ಆಮೇಲೆ ಸುದ್ದಿ: “ಆ ಮಾತ್ರೆಯಾ? ನನಗೂ ಅದೇ ಕತೆ. ವಸಡಲ್ಲಿ ರಕ್ತ ಬಂದು ಬಂದು, ಡಾಕ್ಟ್ರು ಅರ್ಧಕ್ಕೆ ಇಳಿಸಿದ್ರು. ಈಗ ಆರಾಮ ಉಂಟು.”

ಸ್ವಲ್ಪ ದಿನದಲ್ಲಿ ಬಂದ ವರದಿಯೂ ಅದನ್ನೇ ಹೇಳಿತು. ಅಜ್ಜಿಯ ದೇಹ ಆ ಔಷಧಿಯನ್ನು ಬಹಳ ನಿಧಾನವಾಗಿ ಕರಗಿಸಿ ಹೊರಹಾಕುತ್ತದೆ. ಅವರ ಹೃದಯದ ಡಾಕ್ಟರು ಅರ್ಧ ಮಾತ್ರೆಗೆ ಇಳಿಸಿದರು.

“ಪಾಪ ಅಪ್ಪ! ಎಂತದೂ ಕೊಡಲಿಲ್ಲ ಅಂತ ಸುಮ್ಮನೆ ಬೈದದ್ದು,” ಎನ್ನುತ್ತಾ ಅಜ್ಜಿ ಅರ್ಧ ಮಾತ್ರೆಯನ್ನು ಬಾಯಿಗೆ ಹಾಕಿ ನೀರು ಕುಡಿದರು.

ಮುಂದಿನ ತಪಾಸಣೆಗೆ ಬಂದಾಗ ವಸಡು ವಾಸಿಯಾಗಿತ್ತು. ಜೊತೆಯಲ್ಲಿ ಮೊಮ್ಮಗಳು. ಅವಳ ಕೈ ಹಿಡಿದು ಮುಂದೆ ತಂದರು.

“ಡಾಕ್ಟ್ರೇ, ಇವಳಲ್ಲಿ ನನ್ನದು ಎಷ್ಟು ಉಂಟು?”

“ಕಾಲು ಪಾಲು ಇರಬಹುದು.”

ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದರು.

“ಕಾಲಾ? ಸ್ವಲ್ಪ ಜಾಸ್ತಿ ಬರೀಲಿಕ್ಕೆ ಆಗುವುದಿಲ್ಲವಾ?”