ಚಲುವಯ್ಯನ ಇಳಿಜಾರು, ಅಕ್ಕನ ಚೊಂಬು

ಕಂಪಲಾಪುರದ ಸಮುದಾಯ ಭವನದ ಹಿಂದೆ ಕೋಳಿ ಕೂಗುತ್ತಿದೆ. ಒಳಗೆ ಶಾಮಿಯಾನದ ಚಲುವಯ್ಯ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದ್ದಾರೆ. ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲವೆಂದುಕೊಂಡು ಅಡುಗೆಯವರೊಬ್ಬರು ಮುಖಕ್ಕೆ ಎರಚಲು ನೀರು ತರುತ್ತಾರೆ. ಚಲುವಯ್ಯನ ಕೈಯಲ್ಲಿ ಉರಿಯುತ್ತಿರುವ ಟಾರ್ಚು ಕಂಡು ಪೆಚ್ಚಾಗಿ ವಾಪಸಾಗುತ್ತಾರೆ. ಚಲುವಯ್ಯ ನೋಡುತ್ತಿರುವುದು ನೆಲದಿಂದ ಮದುವೆ ಮಂಟಪಕ್ಕೆ ಏರುವ ಹಲಗೆಯ ಇಳಿಜಾರನ್ನು. ಯಾವ ಹಲಗೆ ಉಬ್ಬಿದೆ, ಎಲ್ಲಿ ಸಂದಿ ಬಿಟ್ಟಿದೆ ಎನ್ನುವುದು ಮಲಗಿ ನೋಡಿದರೆ ಮಾತ್ರ ಕಾಣುತ್ತದಂತೆ.

ಎದ್ದು ಅಂಗಿ ಕೊಡವಿಕೊಂಡು ಅಕ್ಕನನ್ನು ಕರೆಯುತ್ತಾರೆ. ಪುಟ್ಟಸಿದ್ದಮ್ಮ ಗಾಲಿಕುರ್ಚಿಯಲ್ಲಿ ಬರುತ್ತಾರೆ. ಮಡಿಲಲ್ಲಿ ಕಂಠದವರೆಗೆ ನೀರು ತುಂಬಿದ ಹಿತ್ತಾಳೆ ಚೊಂಬು. ಕುರ್ಚಿಯನ್ನು ತಾವೇ ತಳ್ಳಿಕೊಂಡು ಮಂಟಪ ಏರಬೇಕು, ನೀರು ಚೆಲ್ಲಬಾರದು. ಇದು ಇವರ ಪರೀಕ್ಷೆ. ಅರ್ಧ ದಾರಿಯ ತಿರುವಿನಲ್ಲಿ ಗಾಲಿ ಸಣ್ಣಗೆ ಎಗರುತ್ತದೆ, ಪುಟ್ಟಸಿದ್ದಮ್ಮನ ಸೀರೆ ಒದ್ದೆಯಾಗುತ್ತದೆ.

"ಫೇಲು ಕಣ್ಲಾ. ಬಿಚ್ಚು."

ಚಲುವಯ್ಯ ತಕರಾರೆತ್ತದೆ ಹಲಗೆಯ ಮೊಳೆ ಕೀಳಲು ಕೂರುತ್ತಾರೆ. ಮುಹೂರ್ತ ಒಂಬತ್ತೂವರೆಗೆ. ಅಷ್ಟರೊಳಗೆ ಅಕ್ಕ ಪಾಸು ಎನ್ನಲೇಬೇಕು. ಇಲ್ಲದಿದ್ದರೆ ಗಾಲಿಕುರ್ಚಿಯಲ್ಲಿ ಓಡಾಡುವ ಮದುಮಗಳು ಸೌಂದರ್ಯಳನ್ನು ಅವಳ ಸೋದರಮಾವ ಉಮಾಶಂಕರ ಎಲ್ಲರೆದುರು ಮಂಟಪಕ್ಕೆ ಎತ್ತಿಕೊಂಡು ಹೋಗುವುದೆಂದು ಮಾತಾಗಿದೆ. ಎತ್ತಿಸಿಕೊಳ್ಳುವುದು ಸೌಂದರ್ಯಳಿಗೆ ಸುತರಾಂ ಇಷ್ಟವಿಲ್ಲ. ಶಾಮಿಯಾನ ಗೊತ್ತು ಮಾಡಲು ಬಂದ ದಿನವೇ ಅವಳು ಹೇಳಿಬಿಟ್ಟಿದ್ದಳು: "ಚಲುವಯ್ಯಣ್ಣ, ನನ್ ಮದ್ವೆ ವಿಡಿಯೋದಲ್ಲಿ ನಾನು ಭತ್ತದ ಮೂಟೆ ತರ ಕಾಣ್ಬಾರ್ದು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಗಾಲಿಕುರ್ಚಿಯನ್ನು ಕಂಡಿರಲಿಲ್ಲ. ಕಂಡಿದ್ದರೆ ಗಾದೆ ಇನ್ನಷ್ಟು ಉದ್ದವಾಗುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಡೆಯಲಾಗದವರ ಮನೆಯಲ್ಲಿ ಮದುವೆ ಗೊತ್ತಾದರೆ ಪುರೋಹಿತರಿಗಿಂತ ಮೊದಲು ಚಲುವಯ್ಯನಿಗೆ ಫೋನು ಬರುತ್ತದೆ. ಮಂಟಪದ ಎತ್ತರ ಒಂದು ಮೊಳವಾದರೆ ಇಳಿಜಾರಿನ ಉದ್ದ ಹನ್ನೆರಡು ಮೊಳ. ಎರಡು ಮೊಳದ ಮಂಟಪ ಬೇಕೆಂದು ಹಟ ಹಿಡಿಯುವವರಿಗೆ ಅವರದು ಒಂದೇ ಪ್ರಶ್ನೆ: "ಎತ್ತರಕ್ಕಿದ್ರೆ ದೇವ್ರಿಗೆ ಬೇಗ ಕಾಣ್ತದಾ?"

ಗಾಲಿಕುರ್ಚಿ ಹಿಡಿಸದ ಬಚ್ಚಲ ಬಾಗಿಲನ್ನೂ ಅವರು ಕಿತ್ತಿಟ್ಟು, ದಪ್ಪ ಪರದೆ ಇಳಿಬಿಡುತ್ತಾರೆ. ಬಾಗಿಲು ಕಿತ್ತರೆ ಅಪಶಕುನ ಎಂದು ಯಾರೋ ಗೊಣಗಿದ್ದುಂಟು. "ಒಟ್ಟೆ ತುಂಬ ಪಾಯ್ಸ ಇಕ್ಬುಟ್ಟು, ಆಮೇಲೆ ಎಲ್ಲಾರ ಓಗು ಅನ್ನದು ಶಕುನವಾ?" ಎನ್ನುತ್ತಾರೆ ಚಲುವಯ್ಯ.

ಈ ವಿದ್ಯೆ ಯಾರೂ ಕಲಿಸಿದ್ದಲ್ಲ, ತಪ್ಪು ಮಾಡಿಯೇ ಬಂದದ್ದು. ಮೊದಲ ಇಳಿಜಾರನ್ನು ಸರಗೂರಿನ ಮದುವೆಯೊಂದಕ್ಕೆ ಕಟ್ಟಿದಾಗ ಅದು ಮಕ್ಕಳ ಜಾರುಬಂಡಿಯಂತಿತ್ತು. ಮೇಲೆ ಹೊಸ ಕೆಂಪು ಜಮಖಾನ ಬೇರೆ. ಪರೀಕ್ಷೆಗೆ ಕುಳಿತ ಪುಟ್ಟಸಿದ್ದಮ್ಮ ಅರ್ಧ ಏರಿ, ಹಿಂದಕ್ಕೆ ಜಾರಿ, ಸೀದಾ ಊಟದ ಮೇಜಿನ ಮುಂದೆ ನಿಂತರು. "ಏಟೇನೂ ಆಗ್ನಿಲ್ಲ. ಮೊದಲ್ನೇ ಪಂಕ್ತೀಲೆ ಜಾಗ ಸಿಕ್ತು," ಎಂದು ಅವರು ಇವತ್ತಿಗೂ ನಗುತ್ತಾರೆ. ಚೊಂಬು ಬಂದದ್ದು ಆಮೇಲೆ.

ಇಂದಿನ ಮದುಮಗ ಶಶಿಕುಮಾರ್‌ನಿಂದಲೂ ಒಂದು ಪಾಠವಾಗಿದೆ. ಕೆ.ಆರ್. ನಗರದ ಈ ಹುಡುಗ ಎರಡು ಊರುಗೋಲು ಹಿಡಿದು ನಡೆಯುತ್ತಾನೆ. ನಿನಗೂ ಇಳಿಜಾರೇ ಎಂದು ಚಲುವಯ್ಯ ಬೀಗಿದರೆ, ಅವನು ಬೇಡವೆಂದು ತಲೆಯಾಡಿಸಿಬಿಟ್ಟ. "ಇಳಿಜಾರಲ್ಲಿ ಕೋಲು ಜಾರ್ತದೆ ಅಣ್ಣ. ನಂಗೆ ಮೆಟ್ಲೇ ಇರ್ಲಿ, ಇಡ್ಕಳಕ್ಕೆ ಒಂದು ಕಂಬಿ ಆಕ್ಕೊಡಿ." ಹೀಗಾಗಿ ಮಂಟಪದ ಎಡಕ್ಕೆ ಇಳಿಜಾರು, ಬಲಕ್ಕೆ ಕಂಬಿಯ ಮೆಟ್ಟಿಲು. "ಎಲ್ರಿಗೂ ಒಂದೇ ದಾರಿ ಅಂದ್ಕಂಡಿದ್ದೆ. ಈಗ ಮೊದ್ಲು ಕೇಳ್ತೀನಿ, ಆಮೇಲೆ ಮೊಳೆ ಒಡೀತೀನಿ," ಎನ್ನುತ್ತಾರೆ.

ಹಲಗೆ ಸರಿಯಾಗಿ ಎರಡನೇ ಪರೀಕ್ಷೆಗೆ ಬರುವಷ್ಟರಲ್ಲಿ ಹೊಸ ಫಜೀತಿ. ಸೌಂದರ್ಯಳ ತಾಯಿ ಸುನಂದಮ್ಮ ಇಳಿಜಾರಿನ ಬಾಯಿಗೆ ಎರಡೂ ಕಡೆ ಗೊನೆ ಸಮೇತ ಬಾಳೆಕಂಬ ಕಟ್ಟಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮುಗಿಸಿದ್ದಾರೆ. ನಡುವೆ ಉಳಿದ ಸಂದಿಯಲ್ಲಿ ಬೆಕ್ಕು ನುಸುಳಬಹುದು, ಗಾಲಿಕುರ್ಚಿಯಲ್ಲ.

"ಪೂಜೆ ಆಗೋಗದೆ ಕಣ್ರೀ, ಬಿಚ್ಚಂಗಿಲ್ಲ," ಎನ್ನುತ್ತಾರೆ ಸುನಂದಮ್ಮ.

"ಬಿಚ್ಚು ಅಂದೋರ್ಯಾರವ್ವ?" ಎಂದ ಚಲುವಯ್ಯ ಇಬ್ಬರು ಆಳುಗಳನ್ನು ಕರೆದು, ಬಾಳೆ ಕಟ್ಟಿದ್ದ ಗೂಟಗಳನ್ನೇ ಬುಡ ಸಮೇತ ಎತ್ತಿಸಿ ಒಂದೊಂದು ಮೊಳ ಆಚೆಗಿಡಿಸುತ್ತಾರೆ. ಕುಂಕುಮ ಕೂಡ ಅಲುಗುವುದಿಲ್ಲ.

ಪುಟ್ಟಸಿದ್ದಮ್ಮ ಮತ್ತೆ ಚೊಂಬು ತುಂಬಿಸಿಕೊಂಡು ಹೊರಡುತ್ತಾರೆ. ಸೊಂಟಕ್ಕೆ ನೋವಿನ ಪಟ್ಟಿ ಬಿಗಿದುಕೊಂಡ ಉಮಾಶಂಕರ, ತಿರುವಿನ ಹತ್ತಿರ ಕಣ್ಣು ಕೀಲಿಸಿ ನಿಂತಿದ್ದಾರೆ. ಭೇರ್ಯದಿಂದ ನಿನ್ನೆಯೇ ಬಂದಿಳಿದ ಈ ಮನುಷ್ಯ ಸೌಂದರ್ಯಳನ್ನು ಮಗುವಾಗಿದ್ದಾಗಿನಿಂದ ಶಾಲೆಗೆ, ಆಸ್ಪತ್ರೆಗೆ, ಬಸ್ಸಿಗೆ ಹೊತ್ತವರು. ಹೆಣ್ಣನ್ನು ಮಂಟಪಕ್ಕೆ ತರುವುದು ಸೋದರಮಾವನ ಹಕ್ಕು, ಅದನ್ನು ಹಲಗೆಗೆ ಬಿಟ್ಟುಕೊಡಲು ಅವರು ತಯಾರಿಲ್ಲ. ಗಾಲಿ ತಿರುವು ದಾಟುತ್ತದೆ, ಮಂಟಪ ಮುಟ್ಟುತ್ತದೆ. ಪುಟ್ಟಸಿದ್ದಮ್ಮ ಒಣ ಸೆರಗನ್ನು ಎತ್ತಿ ತೋರಿಸಿ, "ಪಾಸು" ಎನ್ನುತ್ತಾರೆ.

ಉಮಾಶಂಕರ ಅಷ್ಟಕ್ಕೇ ಸೋಲುವವರಲ್ಲ. "ಮದ್ವೆ ಹೆಣ್ಣು ಮಣೆ ಮೇಲೆ ಕೂರ್ಬೇಕು. ಕುರ್ಚಿ ಮೇಲೆ ಕೂತ್ರೆ ಅದ್ಯಾವ ಮದ್ವೆ? ಮಣೆ ಮೇಲೆ ಕೂರ್ಸಕ್ಕಾದ್ರೂ ನಾನೇ ಎತ್ಬೇಕಲ್ಲ?"

ಚಲುವಯ್ಯ ಮಂಟಪದ ಮೇಲಿನ ಬಿಳಿ ಬಟ್ಟೆ ಸರಿಸುತ್ತಾರೆ. ಕೆಳಗೆ ಹಸೆ ಬರೆದ ದೊಡ್ಡ ಹಲಸಿನ ಮಣೆ, ಇಡೀ ಗಾಲಿಕುರ್ಚಿ ನಿಲ್ಲುವಷ್ಟು ಅಗಲ. "ಮಣೆ ಮೇಲೆ ಕುರ್ಚಿ, ಕುರ್ಚಿ ಮೇಲೆ ಎಣ್ಣು. ಅಟ್ಟದ ಮೇಲೆ ಕೂತೋನೂ ಮನೆ ಒಳ್ಗೇ ಇದ್ದಂಗೆ ತಾನೆ ಸ್ವಾಮಿ?"

ಪುರೋಹಿತರು ನಕ್ಕುಬಿಡುತ್ತಾರೆ. ಉಮಾಶಂಕರರಿಗೆ ನಗು ಬರುವುದಿಲ್ಲ. ಆಗ ಸೀರೆ ಉಟ್ಟು, ಬಾಸಿಂಗ ಕಟ್ಟಿಸಿಕೊಂಡ ಸೌಂದರ್ಯ ಹತ್ತಿರ ಬಂದು ಅವರ ಕೈ ಹಿಡಿಯುತ್ತಾಳೆ. "ಮಾವ, ಸಣ್ಣೋಳಿದ್ದಾಗಿಂದ ಎತ್ತಿದ್ದೀಯ. ಇವತ್ತೊಂದಿನ ಇಳ್ಸು." ಉಮಾಶಂಕರ ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇನ್ನು ತನಗೇನು ಕೆಲಸ ಎಂಬಂತೆ ಖಾಲಿ ಕೈಗಳನ್ನು ನೋಡಿಕೊಂಡು ನಿಂತುಬಿಡುತ್ತಾರೆ. ಅದನ್ನು ಕಂಡ ಚಲುವಯ್ಯ ಅಕ್ಕನ ಮಡಿಲಿನ ಚೊಂಬನ್ನು ಎತ್ತಿ ಅವರ ಕೈಗಿಡುತ್ತಾರೆ. "ಸೋದರಮಾವ ಬರೀ ಕೈಲಿ ಬರ್ಬಾರ್ದು. ಧಾರೆ ನೀರು ನೀವೇ ತನ್ನಿ."

ವಾಲಗ ಶುರುವಾಗುತ್ತದೆ. ಸೌಂದರ್ಯ ತಾನೇ ಗಾಲಿ ತಿರುಗಿಸಿಕೊಂಡು ಏರುತ್ತಾಳೆ, ಪಕ್ಕದಲ್ಲಿ ಚೊಂಬು ಹಿಡಿದ ಮಾವ. ಆಚೆಯಿಂದ ಶಶಿಕುಮಾರ್ ಕಂಬಿ ಹಿಡಿದು ಮೆಟ್ಟಿಲೇರುತ್ತಾನೆ. ಕುರ್ಚಿ ಎಲ್ಲಿಯೂ ಎಗರುವುದಿಲ್ಲ. ಆದರೆ ಉಮಾಶಂಕರ ಅಳುತ್ತಾ ನಡೆದು, ಮಂಟಪ ಮುಟ್ಟುವಷ್ಟರಲ್ಲಿ ಅರ್ಧ ಚೊಂಬು ಚೆಲ್ಲಿಬಿಟ್ಟಿರುತ್ತಾರೆ.

"ಮಾವ ಫೇಲು," ಎಂದು ಆಗಲೇ ಕೆಳಗಿಳಿದಿದ್ದ ಪುಟ್ಟಸಿದ್ದಮ್ಮ ತಮ್ಮನ ಕಿವಿಯಲ್ಲಿ ಹೇಳುತ್ತಾರೆ.

ತಾಳಿ ಕಟ್ಟಿದ ಮೇಲೆ ಅಕ್ಷತೆಗೆ ಜನ ಏರುತ್ತಾರೆ. ಮಂಡಿ ನೋವಿನ ಅಜ್ಜಿಯರು, ಮಗು ಎತ್ತಿಕೊಂಡ ತಾಯಂದಿರು, ಎಲ್ಲರಿಗೂ ಇಳಿಜಾರೇ ಬೇಕು, ಮೆಟ್ಟಿಲ ಕಡೆ ಯಾರೂ ಇಲ್ಲ. ಚಲುವಯ್ಯ ಅವರನ್ನೆಲ್ಲ ಪಕ್ಕಕ್ಕೆ ಸರಿಸಿ ಅಕ್ಕನಿಗೆ ದಾರಿ ಬಿಡಿಸುತ್ತಾರೆ. ಇದಕ್ಕೊಂದು ಕಾರಣವಿದೆ. ಚಲುವಯ್ಯನ ಸ್ವಂತ ಮದುವೆಯಲ್ಲಿ ಮಂಟಪ ಎತ್ತರಕ್ಕಿತ್ತು. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದ ಅಕ್ಕನನ್ನು ಮೇಲೆ ಕರೆತರುವುದು ಯಾರಿಗೂ ಹೊಳೆಯಲಿಲ್ಲ, ಮದುಮಗನಿಗೂ ಸಹ. ಪುಟ್ಟಸಿದ್ದಮ್ಮ ಕೆಳಗಿನಿಂದಲೇ ಎಸೆದ ಅಕ್ಷತೆ ಫೋಟೋದವನ ತಲೆಗೆ ಬಿತ್ತು. ಮನೆಯಲ್ಲಿರುವ ಆ ಫೋಟೋ ಸ್ವಲ್ಪ ಅಲುಗಿ ಬಂದಿದೆ.

ಈಗ ಪುಟ್ಟಸಿದ್ದಮ್ಮ ಮಂಟಪದ ಮೇಲೆ ಕೈ ಚಾಚಿ ಇಬ್ಬರ ನೆತ್ತಿಯ ಮೇಲೂ ನಿಧಾನವಾಗಿ ಅಕ್ಷತೆ ಉದುರಿಸುತ್ತಿದ್ದಾರೆ. ಕೆಳಗೆ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಲುವಯ್ಯ ಅದನ್ನೇ ನೋಡುತ್ತಾರೆ.

"ಅಕ್ಷತೆ ಅನ್ನದು ಕೈಯಾರೆ ತಲೆ ಮೇಲೆ ಆಕೋದು ಕಣ್ರೀ," ಎನ್ನುತ್ತಾರೆ. "ಯಾರೂ ಕೆಳಗೆ ನಿಂತು ಎಸೀಬಾರ್ದು. ಅಷ್ಟೇಯ ನನ್ ಆಸೆ."