ಬಂಗಾರದ ಮೀನಿನ ಕೆನ್ನೆಯ ಚುಕ್ಕಿ

ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಮೇಷ್ಟ್ರು ನಿನ್ನೆ ಸಂಜೆ ಗೇಟಿನ ಹತ್ತಿರ ನಿಂತು, “ಯಜಮಾನ್ರೇ, ನಮ್ಮ ಮೀನಿನ ಮೇಲೆ ಬಿಳಿ ಚುಕ್ಕಿ ಎದ್ದಿದೆ, ಸ್ವಲ್ಪ ಬಂದು ನೋಡ್ತೀರಾ?” ಎಂದರು. ಸಲಹೆ ಕೇಳಿದರೆ ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಡುವವನು. ಒಳಗೆ ಕಾಲಿಟ್ಟೆ. ಗಾಜಿನ ತೊಟ್ಟಿಯಿಂದ ಪಾಚಿಯ ತಣ್ಣನೆ ವಾಸನೆ ಬಂತು ನೋಡಿ, ಮೇಷ್ಟ್ರ ಮಾತು ಕಿವಿಗೆ ಬೀಳುವುದೇ ನಿಂತುಹೋಯಿತು. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲಕ್ಕೆ ಹೋಗಿಬಿಟ್ಟೆ.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಹನೂರು ಸಂತೆಯಲ್ಲಿ ಬಟ್ಟೆ ಗಂಟು ಹೊತ್ತು ಕೂಗಿ ಮಾರುತ್ತಿದ್ದವನು ಪೇಟೆಬೀದಿಯಲ್ಲಿ ಸ್ವಂತ ಜವಳಿ ಅಂಗಡಿ ಇಟ್ಟಿದ್ದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ನಾನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ? ಹೆಂಡತಿ ಚೆನ್ನಾಜಮ್ಮ ಯಳಂದೂರಿನವಳು. ಬಸ್ಸಿನಲ್ಲಿ ಕೂತು ಎಲೆಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಬರುವ ಊರು. ಆದರೂ ಅದು ಮೈಸೂರು ಸೀಮೆ, ಅವಳ ಪಾಲಿಗೆ ಇದು ಪರದೇಶ. ತವರಿನಲ್ಲಿ ರೇಷ್ಮೆಹುಳ ಸಾಕುವ ತುಂಬಿದ ಮನೆ. ಇಲ್ಲಿ ಅತ್ತೆಯಿಲ್ಲ, ನಾದಿನಿಯಿಲ್ಲ, ಗಂಡ ದಿನವಿಡೀ ಅಂಗಡಿಯಲ್ಲಿ. “ಊಟಕ್ ಬನ್ನಿ”, “ಉಪ್ಪು ಆಗೋಗದೆ” ಎನ್ನುವುದು ಬಿಟ್ಟರೆ ನನ್ನೊಂದಿಗೆ ಬೇರೆ ಮಾತೇ ಇರಲಿಲ್ಲ.

ಸೀರೆ ತರಲು ಮೈಸೂರಿಗೆ ಹೋದಾಗ ರಸ್ತೆ ಬದಿಯಲ್ಲಿ ಒಬ್ಬ ಜಾಡಿಗಳಲ್ಲಿ ಬಂಗಾರದ ಮೀನು ಇಟ್ಟುಕೊಂಡು ಕೂತಿದ್ದ. ಇವಳಿಗೆ ಹೊತ್ತು ಹೋಗಲಿ ಎನ್ನಿಸಿತು. ಒಂದು ಮೀನಿಗೆ ಬೆಲೆ ಕುದುರಿಸಿ ಇನ್ನೊಂದನ್ನು ಕೊಸರಿಗೆ ಕೇಳಿದೆ. ಅವನು ಗೊಣಗಿಕೊಂಡೇ ಕೊಟ್ಟ. ಫೋಟೋಗೆ ಕಟ್ಟು ಹಾಕುವವನಿಂದ ಗಾಜು, ತಗಡಿನ ಕೆಲಸದವನಿಂದ ಚೌಕಟ್ಟು ಮಾಡಿಸಿ ತೊಟ್ಟಿ ಕಟ್ಟಿಸಿದೆ. ಎದುರು ಮನೆಯ ಮಾದಪ್ಪ, ರೇಷ್ಮೆ ನೂಲು ಬಿಚ್ಚುವವನು, ನನ್ನ ಅಂಗಡಿ ಜಗಲಿಯ ಕಾಯಂ ಗಿರಾಕಿ. ಕೊಳ್ಳುವ ಗಿರಾಕಿಯಲ್ಲ, ಕೂರುವ ಗಿರಾಕಿ. ಅವನು ಬಿಟ್ಟಾನೆಯೇ?

“ಅಣ್ಣೋ, ಅಣೆ ತುಂಬ ಈಬೂತಿ, ಕೈಲಿ ಮೀನು!”

“ತಿನ್ನಾಕಲ್ಲ ಕಣಯ್ಯ, ನೋಡಾಕೆ.”

“ನೋಡಾಕೆ ಎಡ್ತಿ ಇಲ್ವಾ ಮನೇಲಿ?”

ಚೆನ್ನಾಜಮ್ಮ ಅಂತೂ ಬಾಯಿಬಿಟ್ಟಳು, ಮೀನುಗಳ ಹತ್ತಿರ. “ಇವತ್ತೂ ಸಾರು ಎಂಗದೆ ಅಂತ ಒಂದ್ ಮಾತು ಅನ್ನನಿಲ್ಲ ಕಣ್ರಪ್ಪ” ಎಂದು ತೊಟ್ಟಿಗೆ ದೂರು ಹೇಳುವಳು. ನಾನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡು ಮಾರನೆಯ ದಿನ ಸಾರನ್ನು ಹೊಗಳುವೆನು. ಹೊಸದಾಗಿ ಮದುವೆಯಾದವರು ಯಾರಾದರೂ ಇದ್ದರೆ ಹೇಳುತ್ತೇನೆ, ಒಂದು ಜೊತೆ ಮೀನು ಸಾಕಿ. ಕದ್ದು ಕೇಳುವುದು ತಪ್ಪಲ್ಲವೇ ಎನ್ನಬೇಡಿ. ವ್ಯಾಪಾರಕ್ಕೂ ಸಂಸಾರಕ್ಕೂ ಎದುರಿನವರ ಮನಸ್ಸು ತಿಳಿಯದೆ ನಡೆಯುವುದಿಲ್ಲ.

ಕೆರೆಯಿಂದ ಒಂದಿಷ್ಟು ನೀರುಗಿಡ ತಂದು ತೊಟ್ಟಿಗೆ ಹಾಕಿದ ಮೇಲೆ ಮೊದಲ ಕಷ್ಟ ಬಂತು. ಮೀನುಗಳು ಗಾಜಿಗೆ ಮೈ ಉಜ್ಜತೊಡಗಿದವು. ಕಣ್ಣು ಕಿರಿದು ಮಾಡಿ ನೋಡಿದರೆ ಎಳ್ಳಿನ ಸಿಪ್ಪೆಯಂಥದ್ದೊಂದು ಮೈಗೆ ಅಂಟಿದೆ. ಮುಟ್ಟಿದರೆ ಸರಕ್ಕನೆ ಓಡುತ್ತದೆ. ಮೀನಿನ ಹೇನು! ಅವಳು ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದಳು, ನಾನು ಚಿಮಟದಲ್ಲಿ ಹೇನು ಕಿತ್ತೆ. ಆಮೇಲೆ ಬೋಗುಣಿಯಲ್ಲಿ ತೊಟ್ಟಿಯದೇ ನೀರಿಗೆ ಕಲ್ಲುಪ್ಪು ಕರಗಿಸಿ ಸ್ವಲ್ಪ ಹೊತ್ತು ಈಜಲು ಬಿಟ್ಟೆವು. ನಿಮಗೂ ಬೇಕಾದೀತು, ತಿಳಿದಿರಿ: ಮೀನು ಪಕ್ಕಕ್ಕೆ ವಾಲಿದರೆ ತಕ್ಷಣ ಎತ್ತಿಬಿಡಬೇಕು. ಗಿಡವನ್ನೂ ಕಿತ್ತೆಸೆದು ಹೊಳೆಯಿಂದ ಬೇರೆ ತಂದು ತೊಳೆದು ಹಾಕಿದೆವು. ಮೀನು ಬದುಕಿದವು, ನಾನು ಕೆಟ್ಟೆ. ಪೇಟೆಬೀದಿಗೆಲ್ಲ ಮೀನಿನ ವೈದ್ಯನಾದೆ. ಮೀನೇ ಸಾಕದವರನ್ನೂ ಕೂರಿಸಿಕೊಂಡು ಔಷಧಿ ಹೇಳಿದೆ.

ಅಂಥ ಹೊತ್ತಿನಲ್ಲೇ ದೊಡ್ಡ ಮೀನಿನ ಕೆನ್ನೆಯ ಮೇಲೆ ಬಿಳಿ ಚುಕ್ಕಿ ಎದ್ದವು. ಅಕ್ಷತೆ ನುಚ್ಚು ಅಂಟಿದ ಹಾಗೆ, ಮುಂದಿನ ರೆಕ್ಕೆಯ ಅಂಚಿಗೂ ಒಂದು ಸಾಲು. ಜೊತೆಗೆ ಅದು ಇನ್ನೊಂದನ್ನು ತೊಟ್ಟಿಯೆಲ್ಲ ಅಟ್ಟಾಡಿಸುತ್ತಿತ್ತು. ವೈದ್ಯ ಬಿಡುತ್ತಾನೆಯೇ? ಉಪ್ಪುನೀರು. ಚುಕ್ಕಿ ಹೋಗಲಿಲ್ಲ. ಉಪ್ಪು ಜಾಸ್ತಿ ಮಾಡಿದೆ. ಮೀನು ವಾಲಿತೇ ಹೊರತು ಚುಕ್ಕಿ ಅಲ್ಲಾಡಲಿಲ್ಲ. ಮಾದಪ್ಪ ಬಂದು ನೋಡಿ, “ಇದು ಸುಣ್ಣಕಟ್ಟು ಕಣಣ್ಣ, ನಮ್ ರೇಸ್ಮೆ ಉಳುಕ್ಕೆ ಬರ್ತದಲ್ಲ ಅದೇಯ. ಒಂದುಕ್ ಬಂತೂ ಅಂದ್ರೆ ತಟ್ಟೆಗೆ ತಟ್ಟೆನೇ ಎತ್ತಾಕ್ಬೇಕು” ಎಂದ. ರೇಷ್ಮೆಯ ಊರಿನಲ್ಲಿ ಈ ಮಾತಿಗೆ ಎದುರಾಡುವವರಿಲ್ಲ. ಸಾಯುವುದನ್ನು ಅವಳು ನೋಡುವುದು ಬೇಡ, ಕಾಲುವೆಗೆ ಬಿಟ್ಟುಬರೋಣ ಎಂದುಕೊಂಡು ಎರಡನ್ನೂ ಬಿಂದಿಗೆಗೆ ಹಾಕಿದೆ.

ಬಾಗಿಲಲ್ಲಿ ಚೆನ್ನಾಜಮ್ಮ ನಿಂತಿದ್ದಳು.

“ಇವನ್ನ ಬಿಟ್ಬುಟ್ ಬಂದ್ರೆ ನಾನೂ ಯಳಂದೂರ್ ಬಸ್ ಅತ್ತೀನಿ. ಆಮ್ಯಾಕೆ ಕರ್ಕೊಂಡೋಗಾಕೆ ಬರ್ಬೇಡಿ.”

“ರೋಗ ಕಣೇ ಅದು.”

“ರೋಗ ಬಂದ ಉಳ ಸೊಪ್ಪು ಮೂಸಾಕಿಲ್ಲ. ಇದು ಬೆಳಿಗ್ಗೆ ಆಕಿದ್ದ ಕಡ್ಲೆಪುರಿ ಎಲ್ಲಾ ತಿಂದದೆ.”

“ಅಂಗಾರೆ ಇದೇನು, ನೀನೇ ಹೇಳು.”

“ನಂಗೂ ಗೊತ್ತಿಲ್ಲ. ಗೊತ್ತಾಗಗಂಟ ಸುಮ್ಕಿರಿ.”

ಎರಡು ದಿನ ನೋಡೋಣ ಎಂದೆ. ಅಮಾವಾಸ್ಯೆವರೆಗೆ ಎಂದಳು. ನಾಲ್ಕು ಎಂದೆ. ಅವಳು ಬಿಂದಿಗೆಯ ಬಾಯಿಗೆ ಕೈ ಅಡ್ಡ ಇಟ್ಟು, “ಅಮಾಸೆ” ಎಂದಳು. ಹನೂರು ಸಂತೆಯಲ್ಲಿ ಯಾರಿಗೂ ಬಗ್ಗದ ನಾನು ಕಾಸಿನಷ್ಟೂ ಇಳಿಸಲಾಗದೆ ಒಪ್ಪಿದೆ. ಉಪ್ಪಿನ ಮಡಕೆಯನ್ನು ಅವಳು ಅಟ್ಟದ ಮೇಲಿಟ್ಟಳು. ಸಾರಿಗೆ ಉಪ್ಪು ಬೇಕಾದಾಗ ಅವಳೇ ಏಣಿ ಹತ್ತುವಳು. ನಾನು ಅಂಗಡಿ ಬೇಗ ಮುಚ್ಚಿ ಬಂದು ತೊಟ್ಟಿಯ ಮುಂದೆ ಕೂರತೊಡಗಿದೆ. ಅವಳೂ ಕೂತಳು. ಇನ್ನೊಂದು ಮೀನಿಗೂ ಚುಕ್ಕಿ ಹತ್ತಿದರೆ ಮಾತು ಮುಗಿದಂತೆ ಎಂದು ಇಬ್ಬರಿಗೂ ಗೊತ್ತಿತ್ತು. ಹೆದರಿಕೆಗೋ ಏನೋ, ತವರಿನ ಸುದ್ದಿಯೆಲ್ಲ ಹೇಳಿದಳು. ಈ ಸಲ ನನಗೇ.

ಅಮಾವಾಸ್ಯೆಗೆ ಇನ್ನೂ ದಿನವಿರುವಾಗ ಒಂದು ಬೆಳಿಗ್ಗೆ, “ರೀ!” ಎಂದು ಕೂಗಿದಳು. ಓಡಿದೆ. ನೀರುಗಿಡದ ತುಂಬ ಸಾಸಿವೆಗಿಂತ ಸಣ್ಣ, ಗಾಜಿನಂಥ ಮಣಿಗಳು. ಹುಳದ ಮನೆಯ ಮಗಳಿಗೆ ಮೊಟ್ಟೆಯ ಗುರುತು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಟ್ಟಾಡಿಸುತ್ತಿದ್ದ ಕೆನ್ನೆ ಚುಕ್ಕಿಯದು ಗಂಡು. ಅದಕ್ಕೆ ಬಂದದ್ದು ರೋಗವಲ್ಲ, ಪ್ರಾಯ. “ಮದ್ವೆ ಗಂಡಿಗೆ ಉಪ್ನೀರ್ ಉಯ್ದ್ರಲ್ಲ, ಪಾಪ!” ಎಂದು ಅವಳು ಗೋಡೆಗೊರಗಿ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟ್ರು ಇನ್ನೂ ಕಾಯುತ್ತಿದ್ದರು. ಚುಕ್ಕಿ ಎಲ್ಲೆಲ್ಲಿವೆ, ಮೈ ಉಜ್ಜುತ್ತಿದೆಯೇ, ತಿನ್ನುತ್ತಿದೆಯೇ ಎಂದು ನೋಡುತ್ತ ಬಹಳ ಹೊತ್ತು ಕೂತೆ. ನಾಲಿಗೆ ತುದಿಗೆ ಬಂದ ಔಷಧಿಯನ್ನೆಲ್ಲ ನುಂಗಿಕೊಂಡು, “ಬೆಳಿಗ್ಗೆ ಬೆಳಕಿನಲ್ಲಿ ಇನ್ನೊಂದು ಸಲ ನೋಡೋಣ, ಮೇಷ್ಟ್ರೇ” ಎಂದು ಎದ್ದುಬಂದೆ.

“ಏನ್ ಏಳಿ ಬಂದ್ರಿ?” ಎಂದಳು ಚೆನ್ನಾಜಮ್ಮ.

“ಏನೂ ಹೇಳಲಿಲ್ಲ.”

ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, ಹತ್ತಿರ ಬಂದು, ಜ್ವರವೇನಾದರೂ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.