ತಿಪ್ಪೆಗೆ ಹೋಗದ ಕೂಸು

ಮನೆಯೊಳಗೆ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ ಕಾಲ ಅದು. ನನಗಾಗ ಏಳೋ ಎಂಟೋ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನವರೆಲ್ಲ ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡಿದ್ದೆವು. ದೊಡ್ಡವರಿಗೆ ಜೀವಭಯ, ನಮಗೆ ಹಬ್ಬ. ಸುಟ್ಟ ಅವರೆಕಾಯಿಯ ವಾಸನೆ, ಹುಲ್ಲಿನ ಮೆದೆಯಿಂದ ಜಾರುವ ಆಟ. ಸ್ಕೂಲಿಗೂ ಬೀಗ. ಆಮೇಲೆ ನಾನು ಸ್ಕೂಲಿನ ಕಡೆ ಹೋಗಲೇ ಇಲ್ಲ ಬಿಡಿ.

ಆ ಗುಡಿಸಲಿನಲ್ಲೇ ಅವ್ವ ನನ್ನ ತಂಗಿಯನ್ನು ಹೆತ್ತಳು. ನನ್ನ ಬೆನ್ನಿಗೆ ಹುಟ್ಟಿದ್ದ ಎರಡು ಕೂಸುಗಳು ಉಳಿದಿರಲಿಲ್ಲ. ಹಾಗೆ ಮಕ್ಕಳು ಹೋದ ಮನೆಯಲ್ಲಿ ಹೊಸ ಕೂಸನ್ನು ಮೊರದಲ್ಲಿಟ್ಟು, ತಿಪ್ಪೆಯ ಮೇಲೆ ಮಲಗಿಸಿ, ತಿಪ್ಪಮ್ಮ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಕಸವೆಂದರೆ ಯಮನೂ ಮುಟ್ಟುವುದಿಲ್ಲವೆಂಬ ನಂಬಿಕೆ. ಆದರೆ ತಿಪ್ಪೆ ಇದ್ದದ್ದು ನಾವು ಬಿಟ್ಟುಬಂದ ಊರೊಳಗೆ.

ಒಂದು ಬೆಳಿಗ್ಗೆ ಅವ್ವ ನಿದ್ದೆಯಲ್ಲಿದ್ದಾಗ ಅಪ್ಪನ ತಾಯಿ, ನಮ್ಮಜ್ಜಿ, ಕೂಸನ್ನು ಮೊರದಲ್ಲಿಟ್ಟು ಸೆರಗು ಮುಚ್ಚಿ ಊರ ಕಡೆ ನಡೆದಳು. ನಾನು ಅವ್ವನನ್ನು ಅಲುಗಿಸಿ ಎಬ್ಬಿಸಿದೆ. ಹಸಿ ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಹೋಗುತ್ತಿದ್ದರೂ ಓಡಿದಳು. ಊರ ಬಾಗಿಲಲ್ಲಿ ಹೋಗಿ ಮೊರ ಹಿಡಿದಳು.

“ಕೊಡಿ ಅತ್ತೆಮ್ಮ, ಕೂಸ.”

“ಬಿಡಮ್ಮಿ. ಎರ್ಡ ಮಣ್ಣಿಗಾಕಿದ್ದೀಯ, ಇನ್ನೂ ಬುದ್ಧಿ ಬರ್ನಿಲ್ವಾ?”

“ಇಲಿ ಬಿದ್ದಿರೋ ಊರೊಳಕ್ಕೆ ತಕ್ಕೊಂಡೋಗಿ ಉಳುಸ್ತೀರಾ? ದ್ಯಾವ್ರು ಕೊಟ್ಟಿದ್ದ ಕಸ ಅನ್ನಕ್ಕಾಯ್ತದಾ? ಇವ್ಳು ರಾಜಮ್ಮ. ಯಮ ಬಂದ್ರೆ ನನ್ ತಾವ ಮಾತಾಡ್ಲಿ.”

“ಓಹೋ, ರಾಜಮ್ಮ! ಮೈಸೂರು ಅರಮನೇಲಿ ಹೆತ್ತಿದ್ದೀಯಾ?”

“ಗರಿ ಗುಡ್ಲಲ್ಲೇ ಹೆತ್ತಿವ್ನಿ. ಆದ್ರೂ ರಾಜಮ್ಮನೇಯ” ಎಂದು ಅವ್ವ ಕೂಸನ್ನು ಎತ್ತಿಕೊಂಡು ಗುಡಿಸಲಿಗೆ ಹಿಂದಿರುಗಿದಳು.

ಗುಡಿಸಲುಗಳೆಲ್ಲ ಅವ್ವನನ್ನೇ ಬೈದವು. ಅವ್ವ ಮಾತ್ರ ಇನ್ನೂ ಕತ್ತು ನಿಲ್ಲದ ಕೂಸನ್ನು “ರಾಜಮ್ಮಾ!” ಎಂದು ಹೊಲದಾಚೆಗೂ ಕೇಳುವಂತೆ ಕೂಗುತ್ತಿದ್ದಳು. ಅವ್ವ ನೀರಿಗೆ ಹೋದಾಗ ಅಜ್ಜಿ ಕೂಸಿನ ಕಿವಿಗೆ ಬಾಯಿಟ್ಟು “ತಿಪ್ಪಿ, ತಿಪ್ಪಿ” ಎನ್ನುವಳು. ಪಾಪ, ಅವಳಿಗೂ ಅದು ಉಳಿಯಬೇಕು.

ಒಂದು ಸಲ ಜ್ವರ ಬಂದು ಕೂಸು ಮೊಲೆ ಬಿಟ್ಟಿತು. “ಈಗ್ಲಾರೂ ಎಸ್ರು ಬದ್ಲಾಯ್ಸು” ಎಂದು ಅಜ್ಜಿ ಅತ್ತಳು. ಅವ್ವ ಊರದೇವರ ಗುಡಿಯ ದಿಕ್ಕಿಗೆ ತಿರುಗಿ, “ಕೊಟ್ಟೋನು ನೀನು, ನೋಡ್ಕೊ” ಎಂದಳೇ ಹೊರತು ಹೆಸರು ಬದಲಿಸಲಿಲ್ಲ. ಮಾರನೆಯ ದಿನ ಕೂಸು ಮೊಲೆ ಕಚ್ಚಿತು. ಕಚ್ಚಿದ ರಭಸಕ್ಕೆ ಅವ್ವ “ಅಯ್ಯಮ್ಮಾ” ಎಂದು ಕಿರುಚಿ ನಕ್ಕಳು. ಅಜ್ಜಿಯೂ ನಕ್ಕಳು. ರಾಜಮ್ಮ ಉಳಿದಳು. ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಹಲ್ಲೆಲ್ಲ ಬಿದ್ದ ಮೇಲೂ ನನ್ನ ಜೊತೆ ಜಗಳವಾಡಿಯೇ ಹೋದಳು.

ಮೊನ್ನೆ ನನ್ನ ಮೊಮ್ಮಗಳಿಗೆ ಮಗಳು ಹುಟ್ಟಿದಳು. ಹಿಗ್ಗು ನನ್ನಲ್ಲಿ ಹಿಡಿಸುತ್ತಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಯಾರ ಮುಖದಲ್ಲೂ ಆ ಹಳೆಯ ಹೆದರಿಕೆಯಿಲ್ಲ. ಹೆದರಿಕೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಎದುರು ನಿಂತು ಕೂಗುತ್ತಿದ್ದ ಗಂಟಲೂ ಹೋಯಿತಲ್ಲ! ಕೂಸನ್ನು ನನ್ನ ಮಡಿಲಿಗೆ ಹಾಕಿದಾಗ “ರಾಜಮ್ಮಾ!” ಎಂದು ಕೂಗಿಬಿಟ್ಟೆ. ನರ್ಸಮ್ಮ ಓಡಿಬಂದು “ಮೆತ್ತಗೆ ಅಜ್ಜಿ” ಎಂದಳು.

“ನಮ್ಮವ್ವನ ದನೀಲಿ ಇದು ಅರ್ಧವೂ ಇಲ್ಲ ಕಣವ್ವ” ಎಂದು ಇನ್ನೊಂದು ಸಲ ಕೂಗಿದೆ.